ಮಗುವಿನ ಎತ್ತರಕ್ಕೆ ಕೂತು ಮನೆ ನೋಡು

ಚಿ. ಸೌ. ಪುಟ್ಟಿಗೆ,

ಮದುವೆಯಾಗಿ ಹೋದ ಬಡಾವಣೆಯಲ್ಲೇ ನಿನಗೆ ಅಂಗನವಾಡಿ ಕಾರ್ಯಕರ್ತೆಯ ಕೆಲಸ ಸಿಕ್ಕಿತೆಂದು ಕೇಳಿ ಮನಸ್ಸು ತುಂಬಿ ಬಂತು. ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ತೂಕ ನೋಡೋದು, ಮೊಟ್ಟೆ ಹಂಚೋದು, ಪೋಷಣ್ ಟ್ರ್ಯಾಕರ್‌ನಲ್ಲಿ ತುಂಬೋದು ಎಲ್ಲ ಹೇಳಿಕೊಟ್ಟಿದ್ದಾರೆ ದೊಡ್ಡಮ್ಮ, ಇನ್ನೇನು ತಿಳ್ಕೊಂಡಿರಬೇಕು?" ಅಂತ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪಾವಗಡದ ಕಡೆ ಹಳ್ಳಿಗಳಲ್ಲಿ ನರ್ಸಮ್ಮನಾಗಿ ಓಡಾಡುತ್ತಿದ್ದ ಕಾಲದಲ್ಲಿ ನಮ್ಮ ಹೋರಾಟವೆಲ್ಲ ದಡಾರ, ನಾಯಿಕೆಮ್ಮು, ವಾಂತಿಭೇದಿಗಳ ಜೊತೆಗೆ. ಲಸಿಕೆ ಮನೆಮನೆ ತಲುಪಿತು, ಓಆರ್‌ಎಸ್ ಪೊಟ್ಟಣ ತಲುಪಿತು, ಮಕ್ಕಳು ಉಳಿಯತೊಡಗಿದರು. ಹಾಗೆ ಉಳಿಸಿಕೊಂಡ ಮಗು ಎದ್ದು ನಿಲ್ಲುವ ಹೊತ್ತಿಗೆ ಕುದಿಯುವ ಸಾರಿನ ಪಾತ್ರೆ ಎಳೆದುಕೊಳ್ಳುತ್ತದೆ. ಎಲ್ಲ ಚುಚ್ಚುಮದ್ದೂ ಹಾಕಿಸಿಕೊಂಡ, ತೂಕದಲ್ಲಿ ಒಂದಿಷ್ಟೂ ಕಡಿಮೆಯಿಲ್ಲದ ಮಗು ಅರ್ಧ ಬಕೆಟ್ ನೀರಿನಲ್ಲಿ ಹೋಗಿಬಿಟ್ಟರೆ ಆ ಮನೆಯವರಿಗೆ ಏನು ಹೇಳಿ ಸಮಾಧಾನ ಮಾಡುತ್ತೀ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸೇರಿ 2008ರಲ್ಲಿ ಒಂದು ವರದಿ ತಂದವು. ರಸ್ತೆ ಅಪಘಾತ, ಮುಳುಗುವುದು, ಸುಡುವುದು, ಬೀಳುವುದು, ವಿಷ, ಎಲ್ಲ ಸೇರಿ ಜಗತ್ತಿನಲ್ಲಿ ದಿನಕ್ಕೆ 2,000ಕ್ಕೂ ಹೆಚ್ಚು ಮಕ್ಕಳು ಆಕಸ್ಮಿಕ ಗಾಯಗಳಿಂದ ಸಾಯುತ್ತಿದ್ದಾರೆಂದು ಅದು ಹೇಳಿತು. ಆ ಸಾವುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಬಡ ಮತ್ತು ಮಧ್ಯಮ ಆದಾಯದ ದೇಶಗಳವು. ಶ್ರೀಮಂತ ದೇಶಗಳ ಒಳಗೂ ಬಡವರ ಮಕ್ಕಳಿಗೇ ಪೆಟ್ಟು ಹೆಚ್ಚು.

ಇಂಥದ್ದೇನಾದರೂ ಆದಾಗ ವಠಾರದಲ್ಲಿ ಎರಡು ಮಾತು ಕೇಳಿಬರುತ್ತವೆ. "ಹಣೆಬರಹ, ಆಯಸ್ಸು ಅಷ್ಟೇ ಇತ್ತು" ಅನ್ನುವುದು ಒಂದು. "ಅವಳು ಮಗುವಿನ ಮೇಲೆ ನಿಗಾ ಇಟ್ಟಿದ್ದರೆ ಹೀಗಾಗ್ತಿತ್ತಾ?" ಅನ್ನುವುದು ಇನ್ನೊಂದು. ಎರಡನ್ನೂ ನೀನು ಬಾಯಿಗೆ ತರಬೇಡ ಮಗಳೇ. ಹಣೆಬರಹವೆಂದವರು ಮುಂದಿನ ಮಗುವಿಗಾಗಿ ಏನೂ ಮಾಡುವುದಿಲ್ಲ. ತಾಯಿಯನ್ನು ಬೈದವರೂ ಏನೂ ಮಾಡುವುದಿಲ್ಲ, ಬೈದ ಸಮಾಧಾನ ಅವರಿಗೆ ಸಾಕಾಗಿರುತ್ತದೆ. ಬಕೆಟ್ಟು ಇದ್ದಲ್ಲೇ ಇರುತ್ತದೆ. ಸಂಪಿನ ಮುಚ್ಚಳ ತೆರೆದೇ ಇರುತ್ತದೆ.

ಹೋದ ಸಲ ನಿಮ್ಮ ಮನೆಗೆ ಬಂದಿದ್ದಾಗ ಪಕ್ಕದ ವಠಾರದ ಆ ಹುಡುಗಿಯ ಮನೆಗೆ ನನ್ನನ್ನು ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಹತ್ತಡಿಗೆ ಹತ್ತಡಿಯ ಶೀಟಿನ ಮನೆ. ಅಡುಗೆ, ಸ್ನಾನ, ನಿದ್ದೆ, ಮಗುವಿನ ಆಟ ಎಲ್ಲ ಆ ಒಂದೇ ಕೋಣೆಯಲ್ಲಿ. ಅವಳು ನಮಗೆ ಟೀ ಸೋಸುವಷ್ಟರಲ್ಲಿ, ಆಗಷ್ಟೇ ನಡೆಯಲು ಕಲಿತಿದ್ದ ಅವಳ ಮಗ ಮೂರು ಕಡೆ ಹೋಗಿ ಬಂದ. ಮೊದಲು ಬಾಗಿಲ ಪಕ್ಕದ ಬಕೆಟ್ಟಿನ ಅಂಚು ಹಿಡಿದು ನಿಂತು ನೀರು ಬಡಿದ. ಎತ್ತಿ ಈಚೆ ಬಿಟ್ಟರೆ ಮಂಚದ ಕೆಳಗಿಂದ ಫಿನಾಯಿಲ್ ಎಳೆದು ತಂದ. ಗಾಡಿಯವನ ಹತ್ತಿರ ಲೂಸ್ ಕೊಂಡದ್ದು, ಹಾಲಿನ ಬಣ್ಣದ್ದು, ಅದೂ ಕುಡಿಯುವ ನೀರಿನ ಬಾಟಲಿಯಲ್ಲಿ. ಅದನ್ನು ಕಿತ್ತುಕೊಂಡರೆ ಇಸ್ತ್ರಿ ಪೆಟ್ಟಿಗೆಯಿಂದ ಇಳಿಬಿದ್ದಿದ್ದ ವೈರಿಗೆ ಕೈ ಹಾಕಿದ. ಆ ತಾಯಿ ಬೆಳಗ್ಗೆ ಐದಕ್ಕೆ ಎದ್ದು ಟ್ಯಾಂಕರ್ ನೀರು ಹಿಡಿದು, ಅಡುಗೆ ಮಾಡಿಟ್ಟು, ಗಾರ್ಮೆಂಟ್ಸಿನಲ್ಲಿ ದಿನವಿಡೀ ಮೆಷಿನ್ ತುಳಿದು ಬಂದವಳು. ಇನ್ನೂ ಹೆಚ್ಚು ನಿಗಾ ಇಡು ಅಂತ ಅವಳಿಗೆ ಯಾವ ಬಾಯಲ್ಲಿ ಹೇಳುವುದು?

ಅವತ್ತು ಅವಳ ಗಂಡನಿಂದ ಗೋಡೆಗೆ ಎತ್ತರದಲ್ಲಿ ಒಂದು ಮೊಳೆ ಹೊಡೆಸಿದೆವು. ಫಿನಾಯಿಲ್, ಬಚ್ಚಲು ತೊಳೆಯುವ ಆಸಿಡ್, ಮಾತ್ರೆಯ ಪೊಟ್ಟಣ ಎಲ್ಲ ಒಂದು ಕೈಚೀಲಕ್ಕೆ ಹೋಗಿ ಆ ಮೊಳೆಗೆ ಏರಿದವು. ಬಕೆಟ್ಟಿನ ನೀರು ಕೊಡಕ್ಕೆ ಬಂತು. ಇಸ್ತ್ರಿ ಪೆಟ್ಟಿಗೆ ವೈರು ಸುತ್ತಿಕೊಂಡು ಅಟ್ಟ ಸೇರಿತು. ಖರ್ಚು ಅಂತ ಆದದ್ದು ಒಂದು ಮೊಳೆ. ತಾಯಿಯ ಕಣ್ಣು ದಣಿಯುತ್ತದೆ, ಮೊಳೆ ದಣಿಯುವುದಿಲ್ಲ. ಈ ಕಾಗದದಲ್ಲಿ ನಾನು ನಿನಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ: ಮಗುವನ್ನು ಕಾಯುವ ಕೆಲಸವನ್ನು ಆದಷ್ಟೂ ತಾಯಿಯ ತಲೆಯಿಂದ ಇಳಿಸಿ ಮನೆಗೆ, ವಠಾರಕ್ಕೆ, ಊರಿಗೆ ಹಂಚು.

ಇದು ಬರೀ ನನ್ನ ಅನಿಸಿಕೆಯಲ್ಲ, ಹೊರಗೆಲ್ಲ ಮಾಡಿ ತೋರಿಸಿದ್ದಾರೆ. ಶ್ರೀಲಂಕಾದಲ್ಲಿ ವಿಜಯ ಗೋಡಕುಂಬುರ ಎಂಬ ಶಸ್ತ್ರವೈದ್ಯರಿದ್ದರು. ಬಡವರ ಮನೆಗಳಲ್ಲಿ ಖಾಲಿ ಬಾಟಲಿಗೆ ಬತ್ತಿ ಇಳಿಸಿ ಮಾಡಿಕೊಂಡ ಸೀಮೆಎಣ್ಣೆ ಬುಡ್ಡಿ ಉರುಳಿ, ಸುಟ್ಟುಕೊಂಡು ಬಂದವರಿಗೆ ಚಿಕಿತ್ಸೆ ಮಾಡಿ ಮಾಡಿ, ದೀಪವನ್ನೇ ಬದಲಾಯಿಸಬೇಕೆಂದು ಅವರು ಹೊರಟರು. ಕುಳ್ಳಗೆ, ಭಾರವಾಗಿ, ಎರಡು ಪಕ್ಕ ಚಪ್ಪಟೆಯಾಗಿರುವ ಗಾಜಿನ ದೀಪ, ಅದಕ್ಕೆ ತಿರುಪಿನ ಲೋಹದ ಮುಚ್ಚಳ. ಬಿದ್ದರೂ ಉರುಳುವುದಿಲ್ಲ, ಎಣ್ಣೆ ಚೆಲ್ಲುವುದಿಲ್ಲ. ಆ ಕೆಲಸಕ್ಕೆ 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಜಾಗ್ರತೆಯಾಗಿರಿ ಎಂದು ಜನರಿಗೆ ಉಪದೇಶ ಮಾಡುವುದರ ಜೊತೆಗೆ ಅವರ ಕೈಗೆ ಜಾಗ್ರತೆಯ ದೀಪವನ್ನೇ ಕೊಟ್ಟರು ಆ ಪುಣ್ಯಾತ್ಮರು.

ನ್ಯೂಯಾರ್ಕಿನದು ಇನ್ನೊಂದು ಬಗೆ. ಅಲ್ಲಿನ ಬಡವರ ಬಹುಮಹಡಿ ಮನೆಗಳಲ್ಲಿ ಸೆಕೆಗಾಲಕ್ಕೆ ಕಿಟಕಿ ತೆರೆದಿಟ್ಟಾಗ ಮಕ್ಕಳು ಕೆಳಗೆ ಬೀಳುತ್ತಿದ್ದರು. ನಗರದ ಆರೋಗ್ಯ ಇಲಾಖೆ 1972ರಲ್ಲಿ ಮನೆಮನೆಗೆ ಜನರನ್ನು ಕಳಿಸಿ ತಾಯಂದಿರ ಜೊತೆ ಮಾತಾಡಿಸಿತು, ಚಿಕ್ಕ ಮಕ್ಕಳಿರುವ ಮನೆಗಳಿಗೆ ಕಿಟಕಿಯ ಸರಳುಗಳನ್ನು ಪುಕ್ಕಟೆ ಕೊಟ್ಟಿತು. ಬ್ರಾಂಕ್ಸ್ ಭಾಗದಲ್ಲಿ ಕೆಲವೇ ವರ್ಷಗಳಲ್ಲಿ ಮಕ್ಕಳು ಕಿಟಕಿಯಿಂದ ಬೀಳುವುದು ಅರ್ಧಕ್ಕೆ ಇಳಿಯಿತು. 1976ರಲ್ಲಿ ಕಾನೂನೇ ಬಂತು: ಚಿಕ್ಕ ಮಕ್ಕಳಿರುವ ಬಾಡಿಗೆ ಮನೆಯ ಕಿಟಕಿಗೆ ಸರಳು ಹಾಕಿಸುವುದು ಮನೆ ಮಾಲೀಕನ ಹೊಣೆ. ಈ ಮಾತನ್ನು ನೆನಪಿಟ್ಟುಕೋ, ನಿಮ್ಮ ವಠಾರದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಿನ್ನ ಕೆಲಸಕ್ಕೆ ಹತ್ತಿರದ್ದು ಬಾಂಗ್ಲಾದೇಶದ ಉದಾಹರಣೆ. ಅಲ್ಲಿ ಮನೆಯ ಪಕ್ಕದಲ್ಲೇ ಕುಂಟೆಗಳು. ತಾಯಿ ಬೆಳಗಿನ ಕೆಲಸದಲ್ಲಿ ಮುಳುಗಿರುವ ಹೊತ್ತಿನಲ್ಲೇ ಐದು ವರ್ಷದೊಳಗಿನ ಮಕ್ಕಳು ನೀರಿಗೆ ಬೀಳುತ್ತಿದ್ದವು. ಹಳ್ಳಿಯ ಹೆಂಗಸರನ್ನೇ ತರಬೇತು ಮಾಡಿ, ಅವರ ಮನೆಗಳಲ್ಲೇ 'ಆಂಚಲ್' ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದರು. ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಮಕ್ಕಳು ಅಲ್ಲಿ. ಅಷ್ಟು ಮಾಡಿದ್ದಕ್ಕೆ, ಅಲ್ಲಿಗೆ ಬರುವ ಮಕ್ಕಳಲ್ಲಿ ಮುಳುಗಿ ಸಾಯುವುದು ಶೇ. 80ಕ್ಕೂ ಹೆಚ್ಚು ಕಡಿಮೆಯಾಯಿತು. ಪುಟ್ಟೀ, ಅಂಗನವಾಡಿಯ ಬಾಗಿಲನ್ನು ಸರಿಯಾದ ಹೊತ್ತಿಗೆ ತೆರೆದು, ಹೇಳಿದ ಹೊತ್ತಿನವರೆಗೆ ಮಕ್ಕಳನ್ನು ನಿನ್ನ ಕಣ್ಣೆದುರು ಇಟ್ಟುಕೊಂಡರೆ ಅದೇ ಒಂದು ಜೀವರಕ್ಷಣೆ. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಶುರುವಾದದ್ದು ಪೌಷ್ಟಿಕ ಆಹಾರಕ್ಕೆಂದು, ಕಲಿಕೆಗೆಂದು. ಆದರೆ ಅದು ಕಾಪಾಡಿದ ಕೈಕಾಲುಗಳ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ. ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆಂದು 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸರ್ಕಾರ 2023-24ರ ಬಜೆಟ್‌ನಲ್ಲಿ ಹೇಳಿತು. ನಿಮ್ಮ ಕಡೆಯ ತಾಯಂದಿರಿಗೆ ಇದನ್ನು ತಿಳಿಸು: 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಕಡ್ಡಾಯ ಮಾಡಿತು. ಕೇಳುವುದು ಅವರ ಹಕ್ಕು.

ಇನ್ನು ಮನೆ ಭೇಟಿಗೆ ಹೋದಾಗ ಏನು ಮಾಡಬೇಕು? ಕುರ್ಚಿ ಕೊಟ್ಟರೆ ಬೇಡವೆಂದು ಹೇಳಿ ನೆಲದ ಮೇಲೆ ಕೂತುಕೋ. ಮಗುವಿನ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಅಲ್ಲಿಂದ ಕೋಣೆಯನ್ನೊಮ್ಮೆ ನೋಡು. ನಿಂತವರಿಗೆ ಕಾಣದ್ದು ಕಾಣುತ್ತದೆ: ಸ್ವಿಚ್ ಬೋರ್ಡಿನ ತೂತು, ಮಂಚದ ಕೆಳಗಿನ ಇಲಿ ಪಾಷಾಣ, ಇಳಿಬಿದ್ದ ವೈರು, ಪಾತ್ರೆಯ ಹಿಡಿ. ಆಶಾ ಕಾರ್ಯಕರ್ತೆ ಮಗುವಿಗೆ 3, 6, 9, 12, 15 ತಿಂಗಳಾದಾಗ ಮನೆಗೆ ಹೋಗುತ್ತಾಳಲ್ಲ, ಅವಳ ಜೊತೆ ಸೇರಿಕೋ. ಮಗು ಅಂಬೆಗಾಲಿಡುವುದು, ಎದ್ದು ನಿಲ್ಲುವುದು, ನಡೆಯುವುದು ಆ ತಿಂಗಳುಗಳಲ್ಲೇ. ನಿನ್ನೆ ಕೈಗೆ ಎಟುಕದಿದ್ದದ್ದು ಇವತ್ತು ಎಟುಕುತ್ತದೆ. ತಾಯಿಗೆ ಅದನ್ನು ಮುಂಚೆಯೇ ಹೇಳಬೇಕು.

ನೀರಿನ ವಿಷಯ ಮೊದಲು ಹೇಳುತ್ತೇನೆ, ಅದು ಸದ್ದಿಲ್ಲದೆ ಕೊಲ್ಲುತ್ತದೆ. ಒಂದು ವರ್ಷದ ಮಗುವಿನ ತಲೆ ಮೈಗಿಂತ ಭಾರ ಅನ್ನುವ ಹಾಗಿರುತ್ತದೆ. ಬಕೆಟ್ಟಿಗೆ ಬಗ್ಗಿದರೆ ತಲೆಕೆಳಗಾಗಿ ಹೋಗುತ್ತದೆ, ಕೈಯೂರಿ ಹಿಂದಕ್ಕೆ ಬರುವ ಶಕ್ತಿ ಇರುವುದಿಲ್ಲ, ಮುಖ ನೀರಿನಲ್ಲಿರುವಾಗ ಅಳುವುದಕ್ಕೂ ಆಗುವುದಿಲ್ಲ. ಮೂಗು ಬಾಯಿ ಮುಳುಗುವಷ್ಟು ನೀರು ಸಾಕು. ಬಕೆಟ್ಟನ್ನು ಖಾಲಿ ಮಾಡಿ ಬೋರಲು ಹಾಕಿ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಟ್ಯಾಂಕರ್ ಬರುವ ದಿನಕ್ಕಾಗಿ ಕಾಯುವ ಮನೆಯಲ್ಲಿ ನೀರು ಚೆಲ್ಲು ಅಂದರೆ ಯಾರು ಕೇಳುತ್ತಾರೆ? ಅದಕ್ಕೆ ಹೀಗೆ ಹೇಳು: ನೀರು ಕಿರಿದಾದ ಬಾಯಿಯ ಕೊಡದಲ್ಲಿರಲಿ, ಅದರೊಳಗೆ ಮಗು ಬೀಳುವುದಿಲ್ಲ. ನೀಲಿ ಡ್ರಮ್ಮಿಗೆ ಬಿಗಿಯಾದ ಮುಚ್ಚಳ, ಅದರ ಮೇಲೆ ಹಗ್ಗದ ಕಟ್ಟು. ಖಾಲಿಯಾದ ಬಕೆಟ್ಟು ಮಾತ್ರ ಬೋರಲು. ಬಚ್ಚಲ ಬಾಗಿಲಿಗೆ ಹೊರಗಿನಿಂದ, ಎತ್ತರದಲ್ಲಿ ಒಂದು ಚಿಲಕ. ಸಂಪಿನ ಮುಚ್ಚಳಕ್ಕೆ ಬೀಗ, ಬೀಗದ ಕೈ ದೊಡ್ಡವರೊಬ್ಬರ ಹತ್ತಿರ. ರಜೆಗೆ ಊರಿಗೆ ಹೋಗುವ ಮನೆಗಳಿಗೆ ಕೃಷಿ ಹೊಂಡದ ಮಾತನ್ನೂ ಹೇಳಿ ಕಳಿಸು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಜಾರುತ್ತದೆ, ಈಜು ಬಲ್ಲವನಿಗೂ ಹತ್ತಿ ಬರುವುದು ಕಷ್ಟ. ಸುತ್ತ ತಂತಿ ಬೇಲಿ ಬೇಕು, ಒಳಕ್ಕೆ ಗಂಟು ಹಾಕಿದ ಹಗ್ಗವೊಂದು ಸದಾ ಇಳಿಬಿದ್ದಿರಬೇಕು.

ಬೆಂಕಿಯ ವಿಷಯದಲ್ಲಿ, ಉರಿಗಿಂತ ಬಿಸಿ ನೀರು, ಸಾರು, ಟೀ ಇವುಗಳಿಂದಲೇ ಪುಟ್ಟ ಮಕ್ಕಳು ಹೆಚ್ಚು ಸುಟ್ಟುಕೊಳ್ಳುತ್ತಾರೆ. ಮಗುವಿನ ಚರ್ಮ ತೆಳು. ನಮಗೆ ಚುರುಕ್ ಅನ್ನಿಸುವಷ್ಟು ಬಿಸಿ ಅದರ ಮೈಯನ್ನು ಬೇಯಿಸಿಬಿಡುತ್ತದೆ. ಒಲೆ ನೆಲದ ಮೇಲಿದ್ದರೆ ಎರಡು ಇಟ್ಟಿಗೆ ಗೋಡೆಯ ಮೇಲೆ ಒಂದು ಕಡಪ ಕಲ್ಲು ಹಾಕಿಸುವಂತೆ ಹೇಳು. ಪಾತ್ರೆಯ ಹಿಡಿ ಗೋಡೆ ಕಡೆಗಿರಲಿ. ಇಳಿಸಿದ ಅನ್ನದ ಗಂಜಿ, ಸಾರಿನ ಪಾತ್ರೆ ಕೂಡ ಕಲ್ಲಿನ ಮೇಲೇ ಆರಲಿ, ನೆಲಕ್ಕೆ ಬರುವುದು ಬೇಡ. ಸ್ನಾನಕ್ಕೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಹೀಟರ್ ಕಾಯಿಲ್ ಹಾಕಿದ ಬಕೆಟ್ಟಿನ ಹತ್ತಿರ ಮಗು ಸುಳಿಯಬಾರದು. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಬೇಕು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಒಗ್ಗರಣೆ ಹಾಕುವ ತಾಯಿಗೆ, ಅಷ್ಟು ಹೊತ್ತು ಮಗು ಎಲ್ಲಿರಬೇಕೆಂದು ಒಂದು ಜಾಗ ತೋರಿಸು. ಬಾಗಿಲಿಗೆ ಅಡ್ಡ ಹಲಗೆಯೋ, ಅತ್ತೆಯ ಮಡಿಲೋ, ಪಕ್ಕದ ಮನೆಯವರ ಹತ್ತು ನಿಮಿಷವೋ, ಯಾವುದು ಸಾಧ್ಯವೋ ಅದು.

ಉಳಿದವನ್ನು ಬೇಗ ಹೇಳುತ್ತೇನೆ. ಸೀಮೆಎಣ್ಣೆ, ಥಿನ್ನರ್, ಆಸಿಡ್ ಯಾವುದೂ ಕುಡಿಯುವ ಬಾಟಲಿಗೆ ಹೋಗಕೂಡದು. ಸೀರೆಯ ಜೋಲಿ ಎಳೆಗೂಸಿಗೆ ಮಾತ್ರ. ಮಗು ಎದ್ದ ಕೂಡಲೇ ಸೀರೆ ಮೇಲಕ್ಕೆ ಕಟ್ಟಿಬಿಡಬೇಕು. ದೊಡ್ಡ ಮಕ್ಕಳು ಅದರಲ್ಲಿ ಕೂತು ಗಿರಗಿರ ತಿರುಗಿ ಕುತ್ತಿಗೆಗೆ ಸುತ್ತಿಕೊಂಡು ಜೀವ ಕಳೆದುಕೊಂಡದ್ದಿದೆ. ನಮ್ಮ ಕಡೆಯಿಂದ ಬರುವ ಕಡಲೆಬೀಜವನ್ನು ನಾಲ್ಕು ವರ್ಷದೊಳಗಿನವರಿಗೆ ಇಡಿಯಾಗಿ ಕೊಡಬೇಡ, ಪುಡಿ ಮಾಡಿ ಬೆಲ್ಲದ ಜೊತೆ ಕೊಡು. ಇಡೀ ಬೀಜ ಶ್ವಾಸನಾಳಕ್ಕೆ ಹೋಗುತ್ತದೆ. ಆಟಿಕೆ, ರಿಮೋಟುಗಳ ಬಟನ್ ಸೆಲ್ ನುಂಗಿದರೆ ನಾಳೆ ನೋಡೋಣ ಅನ್ನುವಂತಿಲ್ಲ, ಎರಡು ಗಂಟೆಯಲ್ಲೇ ಅನ್ನನಾಳ ಸುಡಬಹುದು. ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಇಷ್ಟಾಗಿಯೂ ಏನಾದರೂ ಆಯಿತೆನ್ನು. ಮೊದಲ ಹತ್ತು ನಿಮಿಷದಲ್ಲಿ ಏನು ಮಾಡುತ್ತೇವೆ ಅನ್ನುವುದು ತುಂಬ ದೊಡ್ಡದು. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಇಂಕು, ಕಾಫಿಪುಡಿ, ಬೆಣ್ಣೆ ಏನೂ ಬೇಡ. 20 ನಿಮಿಷ ತಣ್ಣನೆಯ ನೀರು ಹರಿಯಬೇಕು, ಆಮೇಲೆ ಶುಭ್ರ ಬಟ್ಟೆ ಮುಚ್ಚಿ 108ಕ್ಕೆ ಫೋನು. ಸೀಮೆಎಣ್ಣೆಯನ್ನೋ ಆಸಿಡ್ಡನ್ನೋ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಕೂಡದು. ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ, ಆಸಿಡ್ ಗಂಟಲನ್ನು ಎರಡನೇ ಸಲ ಸುಡುತ್ತದೆ. ಕುಡಿದ ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಬೇಕು. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಪುಕ್ಕಟೆ ನಂಬರು 1800 116 117, ಅಂಗನವಾಡಿ ಗೋಡೆಗೆ ಬರೆಸು. ಕರೆಂಟು ಹೊಡೆದರೆ ಮೊದಲು ಮೇನ್ ಆರಿಸಬೇಕು, ಆಮೇಲೆ ಮಗುವನ್ನು ಮುಟ್ಟಬೇಕು. ಗಂಟಲಿಗೆ ಸಿಕ್ಕಿ ಕೆಮ್ಮಲೂ ಆಗದ ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿಗೆ 5 ಏಟು. ತಿರುಗಿಸಿ ಎದೆಯ ನಡುವೆ 5 ಸಲ ಒತ್ತು. ಕಾಣದ ವಸ್ತುವಿಗೆ ಬೆರಳು ಹಾಕಬಾರದು.

ನೀರಿಗೆ ಬಿದ್ದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಇನ್ನೂ ನಡೆದಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಮುಳುಗಿ ತೀರಿಕೊಂಡ ಹುಡುಗ ಬದುಕಿ ಬರುತ್ತಾನೆಂದು ಮೊಬೈಲಿನ ಸುಳ್ಳು ಸುದ್ದಿ ನಂಬಿ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟಿದ್ದರು. ಆ ಹೆತ್ತವರ ಆಸೆಯನ್ನು ನೆನೆದರೆ ಕರುಳು ಕಿವುಚುತ್ತದೆ. ಅವರಿಗೆ ಸರಿಯಾದದ್ದನ್ನು ಯಾರೂ ಕಲಿಸಿರಲಿಲ್ಲವಲ್ಲ. ಉಸಿರಿಲ್ಲದ ಮಗುವಿಗೆ ಮೊದಲು ಬಾಯಿಯಿಂದ ಉಸಿರು ಊದಬೇಕು, ಆಮೇಲೆ 30 ಸಲ ಎದೆ ಒತ್ತಿ 2 ಸಲ ಊದುತ್ತ, ಸಹಾಯ ಬರುವವರೆಗೆ ಬಿಡದೆ ಮಾಡಬೇಕು. ಕಾಗದ ಓದಿ ಬರುವ ವಿದ್ಯೆಯಲ್ಲ ಇದು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನು ತಾಯಂದಿರ ಸಭೆಗೆ ಕರೆಸಿ, ಬೊಂಬೆಯ ಮೇಲೆ ಎಲ್ಲರ ಕೈಯಲ್ಲೂ ಮಾಡಿಸು.

ಮೊಳೆ, ಮುಚ್ಚಳ ಮನೆಯವರ ಕೈಯಲ್ಲಿದೆ. ಮೆಟ್ಟಿಲಿಗೆ ಕಂಬಿ, ತಾರಸಿಗೆ ಪ್ಯಾರಾಪೆಟ್, ಸಂಪಿಗೆ ಮುಚ್ಚಳ, ಕರೆಂಟು ಸೋರಿದರೆ ತಾನೇ ಆರುವ ಟ್ರಿಪ್ಪರ್ ಇವು ವಠಾರದ ಓನರ್ ಕೈಯಲ್ಲಿವೆ. ಒಬ್ಬಳೇ ಬಾಡಿಗೆದಾರಳು ಕೇಳಿದರೆ ಮನೆ ಖಾಲಿ ಮಾಡು ಅನ್ನಬಹುದು. ಅದಕ್ಕೆ ನಿಮ್ಮ ಬಾಲವಿಕಾಸ ಸಮಿತಿಯ ಹೆಸರಿನಲ್ಲಿ ಅರ್ಜಿ ಬರೆ, ಹತ್ತು ತಾಯಂದಿರ ಸಹಿ ಹಾಕಿಸು, ಒಂದು ಪ್ರತಿ ವಾರ್ಡ್ ಕಚೇರಿಗೂ ಹೋಗಲಿ. ಜಗಳಕ್ಕೆ ಹೋಗಬೇಡ, ಹಿಂದೆಯೂ ಸರಿಯಬೇಡ.

ತಾಯಂದಿರ ಜೊತೆ ಮಾತಾಡುವಾಗ ಮೊದಲು ಅವರು ಆಗಲೇ ಮಾಡಿರುವ ಒಂದು ಒಳ್ಳೆಯದನ್ನು ಹುಡುಕಿ ಹೇಳು. ಎಲ್ಲ ಮನೆಯಲ್ಲೂ ಒಂದು ಇದ್ದೇ ಇರುತ್ತದೆ. ಆಮೇಲೆ ಒಂದೇ ಒಂದು ಬದಲಾವಣೆ ಕೇಳು, ನೀನಿರುವಾಗಲೇ ಆಗುವಂಥದ್ದು. ಮೊದಲೇ ಸುಟ್ಟುಕೊಂಡ ಮಗುವಿರುವ ಮನೆಗೆ ಹೋದರೆ, ಹೇಗಾಯಿತೆಂದು ಹತ್ತು ಜನರೆದುರು ಕೇಳಬೇಡ. ಆ ತಾಯಿ ತನ್ನನ್ನು ತಾನೇ ಬೈದುಕೊಂಡಷ್ಟು ಬೇರೆ ಯಾರೂ ಬೈದಿರುವುದಿಲ್ಲ.

ಸೋಮವಾರದಿಂದಲೇ ಶುರು ಮಾಡು. ಅಂಗನವಾಡಿಯನ್ನೇ ಮೊದಲು ನೋಡು. ನಿನ್ನ ಸಹಾಯಕಿ ಸಾಂಬಾರ್ ಇಳಿಸುವ ಜಾಗ, ಸ್ವಿಚ್ ಬೋರ್ಡು, ಶೌಚಾಲಯದ ಬಕೆಟ್ಟು ಎಲ್ಲ ಸರಿಯಾದ ಮೇಲೆ ಐದು ಮನೆ ಆರಿಸಿಕೋ. ಒಂದು ನೋಟ್‌ಬುಕ್ಕಿನಲ್ಲಿ ಯಾವ ಮನೆ, ಏನು ಕಂಡಿತು, ಏನು ಬದಲಾಯಿತು ಎಂದು ಬರೆದಿಡು. ತಿಂಗಳು ಕಳೆದ ಮೇಲೆ ಮತ್ತೆ ಹೋಗಿ ನೋಡು: ಚೀಲ ಮೊಳೆಯ ಮೇಲೆ ಇದೆಯೋ, ಮಂಚದ ಕೆಳಗೆ ಇಳಿದಿದೆಯೋ? ಇಳಿದಿದ್ದರೆ ಯಾಕೆಂದು ಕೇಳು, ಅವರ ಕಾರಣ ಕೇಳಿ ಬೇರೆ ದಾರಿ ಹುಡುಕು. ಯುಗಾದಿಗೆ ಊರಿಗೆ ಬರುವಾಗ ಆ ನೋಟ್‌ಬುಕ್ ತಾ. ನಾನೂ ಓದಬೇಕು, ಇಲ್ಲಿನ ಹೊಸ ಹುಡುಗಿಯರಿಗೂ ತೋರಿಸಬೇಕು.

ಸಂಬಳ ಕಡಿಮೆ, ಕೆಲಸ ಜಾಸ್ತಿ ಎಂದು ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮ ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು, ಮಗಳಿಗೆ ಮುತ್ತು. ಅವಳೂ ಈಗ ಎದ್ದು ನಿಲ್ಲುತ್ತಿದ್ದಾಳೆಂದು ನಿಮ್ಮಮ್ಮ ಹೇಳಿದಳು, ನಿನ್ನ ಮನೆಯ ಮೊಳೆಯನ್ನೂ ಮರೆಯಬೇಡ.

ಇಂತಿ,
ನಿನ್ನ ದೊಡ್ಡಮ್ಮ